ವ್ಯಾನಿನಲ್ಲಿ ಬಾಣಂತನ

ನನ್ನ ಮಗಳ ಚೊಚ್ಚಲ ಬಾಣಂತನವನ್ನು ನಾನು ಮಾಡಿದ್ದು ಒಂದು ವ್ಯಾನಿನಲ್ಲಿ. ಇದನ್ನು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ‘ಅಯ್ಯೋ ಪಾಪ’ ಅನ್ನುತ್ತಾರೆ. ನನಗೆ ಆ ನಗುವೂ ಬೇಡ, ಆ ಪಾಪವೂ ಬೇಡ. ಅರ್ಧ ಆಯುಸ್ಸು ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ನಡೆದದ್ದನ್ನು ನಡೆದ ಹಾಗೆ ಹೇಳುವುದಕ್ಕೆ ಬರುತ್ತದೆ. ಹೇಳುವಾಗ ಹೊಟ್ಟೆ ಉರಿಯುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ.

ಮೊದಲು ವ್ಯಾನಿನ ವಿಷಯ. ನಮ್ಮನೆಯವರು ನಂಜನಗೂಡಿನಲ್ಲಿ ಟೂರಿಸ್ಟ್ ಗಾಡಿ ಓಡಿಸುತ್ತಿದ್ದವರು. ಮೈಸೂರಿನಿಂದ ಊಟಿಗೆ ಹೋಗುವವರು ನಮ್ಮೂರ ಮೇಲೆಯೇ ಹೋಗಬೇಕು. ಹೋಗುವವರನ್ನು ನೋಡಿ ನೋಡಿ ಇವರಿಗೊಂದು ಹುಚ್ಚು ಹತ್ತಿತು. ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಸೀಟುಗಳನ್ನೆಲ್ಲ ಕಿತ್ತು, ಒಳಗೆ ಎರಡು ಮಂಚ, ಒಂದು ಸಿಂಕು, ಗ್ಯಾಸ್ ಒಲೆ, ಮೂಲೆಯಲ್ಲಿ ಬೀರುವಿನಷ್ಟು ಅಗಲದ ಟಾಯ್ಲೆಟ್ಟು ಎಲ್ಲ ಕೂರಿಸಿ ಓಡಾಡುವ ಮನೆ ಮಾಡಿದರು. ಊಟಿಯ ಚಳಿಗೆಂದು ಎರಡು ಹೀಟರು. ಒಂದು ಕರೆಂಟಿನದು, ಒಳಗೆ ಎಣ್ಣೆ ತುಂಬಿ ಮೈತುಂಬ ರೆಕ್ಕೆ ಇರುತ್ತದಲ್ಲ, ಅಂಥದ್ದು. ಇನ್ನೊಂದು ಗ್ಯಾಸಿನದು, ಊಟಿಯ ಯಾವುದೋ ಲಾಡ್ಜಿನವರು ಕೈಬಿಟ್ಟ ಹಳೆಯ ಮಾಲು. ಎರಡು ಸೀಸನ್ ಚೆನ್ನಾಗಿಯೇ ಓಡಿತು. ಆಮೇಲೆ ಹೊಳೆಯುವ ಹೊಸ ಕ್ಯಾರವಾನುಗಳು ಬಾಡಿಗೆಗೆ ಬಂದವು, ನಮ್ಮದನ್ನು ಕೇಳುವವರಿಲ್ಲದೆ ಅದು ನಮ್ಮ ಸೈಟಿನಲ್ಲಿ ಬಂದು ನಿಂತಿತು. ನನ್ನ ಸಂಬಳ ತಿಂದ ಗಾಡಿ ಎಂದು ನಾನು ಆಗಾಗ ಚುಚ್ಚುತ್ತಿದ್ದೆ. ಅವರು ಕೇಳಿಸದವರ ಹಾಗೆ ಟೈರು ಒರೆಸುತ್ತಿದ್ದರು.

ಆ ಸೈಟು ನಂಜನಗೂಡಿನ ಹೊರಗೆ, ಹೊಸ ಬಡಾವಣೆಯಲ್ಲಿ. ಅಲ್ಲಿ ನಮ್ಮ ಮನೆ ಏಳುತ್ತಿತ್ತು. ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿದ್ದಾಗ, ನಾವು ಬಹಳ ವರ್ಷದಿಂದ ಇದ್ದ ಬಾಡಿಗೆ ಮನೆಯ ಮಾಲೀಕರು ಹಳೆಯದನ್ನು ಒಡೆದು ಕಟ್ಟಿಸುತ್ತೇವೆ, ಖಾಲಿ ಮಾಡಿ ಎಂದರು. ಅದರಲ್ಲಿ ಮೋಸವೇನಿರಲಿಲ್ಲ, ಒಡೆದೇ ಒಡೆದರು. ನಾವು ಇನ್ನೊಂದು ಮನೆ ಹುಡುಕಲು ಹೊರಟೆವು. ಬೋರ್ಡುಗಳಿಗೇನು ಬರವೇ? ಗೇಟಿಗೆ ಒಂದರಂತೆ ‘ಮನೆ ಬಾಡಿಗೆಗೆ ಇದೆ’. ಬಾಗಿಲು ತೆರೆದವರು ಮೊದಲು ನನ್ನ ಕೆಲಸ ಕೇಳುತ್ತಿದ್ದರು. ಟೀಚರ್ ಅಂದರೆ ಮುಖ ಅರಳುತ್ತಿತ್ತು. ಆಮೇಲೆ, ‘ನೀವು ವೆಜ್ಜಾ ನಾನ್‌ವೆಜ್ಜಾ?’ ಬಾಯಿಬಿಟ್ಟು ಜಾತಿ ಕೇಳುವ ಕಾಲ ಹೋಯಿತು ಎನ್ನುತ್ತಾರೆ. ಹೌದು, ಈಗ ಊಟ ಕೇಳುತ್ತಾರೆ. ನಾನು ಸುಳ್ಳು ಹೇಳುವುದಿಲ್ಲ. ಅಲ್ಲಿಗೆ ಅವರಿಗೆ ತಟ್ಟನೆ ನೆನಪಾಗುತ್ತಿತ್ತು, ಮನೆಯನ್ನು ನಿನ್ನೆಯೇ ಯಾರೋ ಒಪ್ಪಿಕೊಂಡು ಹೋಗಿದ್ದಾರೆ ಎಂದು. ಸುತ್ತಿ ಸುತ್ತಿ ಚಪ್ಪಲಿ ಸವೆದ ಮೇಲೆ ನಮ್ಮನೆಯವರು, ‘ನಮ್ದೇ ಒಂದು ಮನೆ ನಿಂತದಲ್ಲ, ಅದ್ಕೇ ಓಗುವಾ ಬಾ’ ಎಂದರು. ಸಾಮಾನನ್ನು ಅರ್ಧ ಎದ್ದ ಮನೆಯೊಳಗೆ ಗೋಣಿತಾಟು ಹೊದಿಸಿ ಇಟ್ಟು, ನಾವು ವ್ಯಾನು ಸೇರಿದೆವು.

ನಾವಿಬ್ಬರೇ ಆಗಿದ್ದರೆ ನಗುನಗುತ್ತಲೇ ಇರುತ್ತಿದ್ದೆವು. ಆದರೆ ಮಗಳು ತುಂಬು ಗರ್ಭಿಣಿ. ಅವಳನ್ನು ಕೊಟ್ಟಿದ್ದು ಟಿ. ನರಸೀಪುರಕ್ಕೆ, ನಮ್ಮವರೇ, ಅಂಗಡಿ ಇಟ್ಟುಕೊಂಡು ಚೆನ್ನಾಗಿರುವ ಜನ. ಮೊದಲ ಹೆರಿಗೆ, ಬಾಣಂತನ ತವರಿನದು ಎಂಬುದು ನಮ್ಮಲ್ಲಿ ಬದಲಾಗದ ಮಾತು. ನನ್ನ ಬೀಗಿತ್ತಿ ಸೀಮಂತದ ದಿನ ಎಲ್ಲರೂ ಕೇಳುವ ಹಾಗೆ ಅಂದಳು: ‘ಟೀಚರಮ್ಮ, ಮನೆ ಇಲ್ದಿದ್ರೆ ಮುಜುಗರ ಪಡ್ಬ್ಯಾಡಿ. ನಾವೇ ಮಾಡ್ಕತೀವಿ ಬುಡಿ.’ ಎಲೆ ಮುಂದೆ ಕೂತ ಹೆಂಗಸರೆಲ್ಲ ನನ್ನ ಮುಖ ನೋಡಿದರು. ಮಗಳೂ ನೋಡಿದಳು. ಅವಳ ಕಣ್ಣಿನಲ್ಲಿ ಇದ್ದದ್ದು ಒಂದೇ: ಬಿಟ್ಟುಕೊಡಬೇಡಮ್ಮ. ಅತ್ತೆ ಮನೆಯಲ್ಲಿ ಅವಳಿಗೆ ತಲೆ ಎತ್ತಲು ಬಿಡುವಿರಲಿಲ್ಲ. ಬಾಣಂತನದ ಮೂರು ತಿಂಗಳಾದರೂ ಅಮ್ಮನ ಕೈಕೆಳಗೆ ಬೆಚ್ಚಗೆ ಮಲಗಬೇಕು ಎಂದು ದಿನ ಎಣಿಸುತ್ತಿದ್ದಳು. ನಾನು, ‘ನನ್ನ ಮಗಳ ಬಾಣಂತನ ನಾನೇ ಮಾಡ್ತೀನಿ’ ಎಂದೆ. ಆ ಮಾತು ಉಳಿಸಿಕೊಳ್ಳುವುದೊಂದೇ ಆಮೇಲೆ ನನ್ನ ಕೆಲಸವಾಯಿತು. ತಪ್ಪಿದರೆ ಅವಳ ಬಾಳಿನಲ್ಲಿ ನನ್ನ ಮಾತಿಗೆ ಇನ್ನು ಬೆಲೆ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಹೆರಿಗೆಯಾದದ್ದು ಮಾರ್ಗಶಿರದ ಚಳಿಯಲ್ಲಿ. ಗಂಡು ಮಗು. ನಂಜನಗೂಡಿನ ಚಳಿ ಏನು ಮಹಾ ಎನ್ನುವವರು ಆ ತಿಂಗಳಲ್ಲಿ ಕಪಿಲೆಯ ಕಡೆಯಿಂದ ಗದ್ದೆಬಯಲಿನ ಮೇಲೆ ಬರುವ ಗಾಳಿಗೆ ಒಂದು ಬೆಳಗ್ಗೆ ತಗಡಿನ ಗಾಡಿಯೊಳಗೆ ಏಳಬೇಕು. ಮಂಗಳೂರು ಹೆಂಚಿನ ಮನೆ ರಾತ್ರಿ ಪೂರ್ತಿ ಹಗಲಿನ ಬಿಸಿಯನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತದೆ. ತಗಡಿಗೆ ಆ ಗುಣವಿಲ್ಲ. ಬಿಸಿಲು ಹೋದ ಕೂಡಲೇ ಅದೂ ಕೈ ಬಿಡುತ್ತದೆ. ನಮ್ಮ ಉಸಿರೇ ಮೇಲೆ ಹೋಗಿ ನೀರಾಗಿ, ಬೆಳಗ್ಗೆ ಹನಿಹನಿಯಾಗಿ ಹೊದಿಕೆಯ ಮೇಲೆ ಬೀಳುತ್ತಿತ್ತು. ನಮ್ಮನೆಯವರು ಕಿಟಕಿಗಳಿಗೆ ಥರ್ಮಾಕೋಲು ಕತ್ತರಿಸಿ ಅಂಟಿಸಿದರು. ನೆಲಕ್ಕೆ ಖಾಲಿ ಸಿಮೆಂಟ್ ಚೀಲ ಹಾಸಿ, ಮೇಲೆ ಜಮಖಾನ ಹಾಸಿದೆ. ಗಾಡಿ ಅಲ್ಲಾಡಿದರೆ ಮಗು ಬೆಚ್ಚಿಬೀಳುತ್ತದೆಂದು ನಾಲ್ಕೂ ಚಕ್ರ ಬಿಚ್ಚಿ, ಸೈಜುಗಲ್ಲಿನ ಮೇಲೆ ಅದನ್ನು ಕೂರಿಸಿದರು. ಈಗ ಥೇಟು ಮನೆ ಎಂದು ಮಗಳು ನಕ್ಕಳು.

ಮನೆಗೆ ಕರೆಂಟ್ ಮೀಟರ್ ಇನ್ನೂ ಬಂದಿರಲಿಲ್ಲ. ಹೀಟರು ಓಡಬೇಕಲ್ಲ? ಪಕ್ಕದ ಮನೆಯಾಕೆ ತಾವಾಗಿಯೇ ಕಾಂಪೌಂಡಿನ ಹತ್ತಿರ ಬಂದು ಕೇಳಿದರು. ನನಗಿಂತ ಸ್ವಲ್ಪ ಹಿರಿಯರು, ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು, ಮಠಕ್ಕೆ ನಡೆದುಕೊಳ್ಳುವ ಮನೆತನ. ‘ಏನಮ್ಮಾ, ಎಳೇ ಬಾಣಂತಿ, ಹಸಿ ಮಗು, ಈ ಚಳೀಲಿ ಕರೆಂಟಿಲ್ದೆ ಹೇಗಿರ್ತೀರಿ? ನಮ್ಮ ಅಡಿಗೆಮನೆ ಕಿಟಕಿಯಿಂದ ಒಂದು ವೈರ್ ಎಳ್ಕೊಳ್ಳಿ’ ಎಂದರು. ಬಿಲ್ಲಿಗೆ ನಾವೂ ಕೊಡುತ್ತೇವೆ ಎಂದರೆ, ‘ಬಾಣಂತಿಗೆ ಕೊಟ್ಟಿದ್ದಕ್ಕೆ ಲೆಕ್ಕವೇನ್ರೀ’ ಎಂದು ಬೈದರು. ಒಳ್ಳೆಯ ಹೆಂಗಸು ಎಂದು ನನಗೆ ಆಗ ಅನ್ನಿಸಿತು. ಆಗ ಅವರು ಒಳ್ಳೆಯವರೇ ಆಗಿದ್ದರು, ಅದನ್ನು ನಾನು ಇವತ್ತೂ ಇಲ್ಲ ಎನ್ನುವುದಿಲ್ಲ. ಹಳದಿ ವೈರು ಗೋಡೆ ಹಾರಿ ಬಂತು, ಹೀಟರಿನ ಕೆಂಪು ದೀಪ ಹತ್ತಿತು, ಸ್ವಲ್ಪ ಹೊತ್ತಿಗೆ ವ್ಯಾನು ಪೂರ್ತಿ ಹಿತವಾಯಿತು.

ಬಾಣಂತನ ಮಾಡಿಸಲು ನಮ್ಮತ್ತೆ ಊರಿನಿಂದ ಬಂದರು. ನರಸೀಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅವರು ಎಷ್ಟು ಬಾಣಂತಿಯರಿಗೆ ನೀರು ಹಾಕಿದ್ದಾರೋ ಅವರಿಗೇ ನೆನಪಿಲ್ಲ. ನನಗೂ ಅವರೇ ಹಾಕಿದ್ದು. ಗೋಡೆ ಮೂಲೆಯಲ್ಲಿ ತಗಡು ಮರೆ ಕಟ್ಟಿ ಬಚ್ಚಲು ಮಾಡಿದೆವು. ಸೆಂಟ್ರಿಂಗ್ ಹಲಗೆಯ ಚೂರುಗಳನ್ನು ಒಟ್ಟಿ ಹಂಡೆ ಕಾಯಿಸಿ, ಹರಳೆಣ್ಣೆ ತಿಕ್ಕಿ, ಮೈ ಕೆಂಪಾಗುವ ಹಾಗೆ ನೀರು ಹಾಕುತ್ತಿದ್ದರು. ಆಮೇಲೆ ಒಂದು ಮಣ್ಣಿನ ಅಗ್ಗಿಷ್ಟಿಕೆಯಲ್ಲಿ ಕೆಂಡ ತಂದು, ಸಾಂಬ್ರಾಣಿ ಉದುರಿಸಿ, ತಾಯಿ ಮಗು ಇಬ್ಬರಿಗೂ ಹೊಗೆ ಕೊಟ್ಟು, ಕೆಂಡವನ್ನು ಹೊರಗೆ ಒಯ್ಯುತ್ತಿದ್ದರು. ನೀರು ಹಾಕಿದ ಮೇಲೆ ಬಾಣಂತಿ ಬೆವರಿ ಬೆವರಿ ಸತ್ತವಳ ಹಾಗೆ ಮಲಗಬೇಕು. ಹಾಗೆ ಮಲಗಿದರೆ ಮೈ ಗಟ್ಟಿಯಾಗುತ್ತದೆ, ನಡುವೆ ಯಾರೂ ಎಬ್ಬಿಸಬಾರದು. ಮಗಳು ಹಾಗೇ ಮಲಗುತ್ತಿದ್ದಳು. ಕೆನ್ನೆ ತುಂಬಿಕೊಂಡವು. ‘ಅಮ್ಮ, ಆ ಮನೇಲಿ ಇಷ್ಟು ನಿದ್ದೆ ನಾನು ಮಾಡೇ ಇಲ್ಲ ಕಣೆ’ ಎಂದು ಒಂದು ದಿನ ನನ್ನ ಕೈ ಹಿಡಿದುಕೊಂಡಳು. ನಾನು ರಜೆ ಹಾಕಿ ಹಗಲೆಲ್ಲ ಅವಳ ಪಕ್ಕ ಕೂತಿರುತ್ತಿದ್ದೆ. ನನ್ನ ಬದುಕಿನ ಅತ್ಯಂತ ಸುಖದ ದಿನಗಳು ಯಾವುವು ಎಂದರೆ ಆ ತಗಡಿನ ಗಾಡಿಯೊಳಗಿನವು ಎಂದೇ ಹೇಳುತ್ತೇನೆ.

ಪಕ್ಕದ ಮನೆಯಾಕೆ ಬಾಣಂತಿಗೆಂದು ಒಂದು ಸ್ಟೀಲ್ ಡಬ್ಬಿಯಲ್ಲಿ ಒಣಶುಂಠಿ ಹಾಕಿದ ಅಂಟಿನುಂಡೆ ಕಳಿಸಿದ್ದರು. ಡಬ್ಬಿಯನ್ನು ಖಾಲಿ ವಾಪಸು ಕೊಡಬಾರದು, ಅದು ಯಾವ ಹೆಂಗಸಿಗೂ ಹೇಳಿಕೊಡಬೇಕಾದ ವಿಷಯವಲ್ಲ. ನಮ್ಮತ್ತೆ ಕಜ್ಜಾಯ ಸುಟ್ಟು, ಡಬ್ಬಿ ತುಂಬಿ, ತಾವೇ ತೆಗೆದುಕೊಂಡು ಹೋಗಿ ಕಾಂಪೌಂಡಿನ ಮೇಲಿಟ್ಟು ಕರೆದರು. ನಾನು ವ್ಯಾನಿನ ಮೆಟ್ಟಿಲ ಮೇಲೆ ಮಗುವಿನ ಬಟ್ಟೆ ಮಡಿಸುತ್ತಿದ್ದೆ. ಆಕೆ ಬಂದರು. ಡಬ್ಬಿಯ ಕಡೆ ನೋಡಿದರು, ಮುಟ್ಟಲಿಲ್ಲ. ತಿನ್ನುವುದಕ್ಕೆ ಮೊದಲು ತಿಳಿದುಕೊಳ್ಳಬೇಕಾದದ್ದು ಇನ್ನೂ ಒಂದಿದೆ ಎಂಬುದು ಆಗ ತಾನೇ ಅವರಿಗೆ ಹೊಳೆದಂತಿತ್ತು.

‘ಅಜ್ಜೀ, ನಿಮ್ಮೂರಲ್ಲಿ ನಿಮ್ಮ ಮನೆ ಯಾವ ಬೀದೀಲಿ ಬರತ್ತೆ?’ ಎಂದರು, ತುಂಬ ಮೆದುವಾಗಿ.

ನಮ್ಮ ಸೀಮೆಯಲ್ಲಿ ಇದು ಬೀದಿ ಕೇಳುವ ಪ್ರಶ್ನೆಯಲ್ಲ ಎಂದು ಮಕ್ಕಳಿಗೂ ಗೊತ್ತು. ನಮ್ಮತ್ತೆಗೆ ಗೊತ್ತಿಲ್ಲದಿರುತ್ತದೆಯೆ? ಆದರೆ ಅವರಿಗೆ ಮರೆಮಾಚುವ ಅಭ್ಯಾಸವಿಲ್ಲ. ‘ನಮ್ದು ಊರಾಚೆ ಕೇರಿ ಕಣವ್ವ. ಗುಡಿ ಬೀದಿ ನಮ್ಗೆಲ್ ಬಂದದು? ನಮ್ ಮಗ ಈಗ ಬುದ್ಧನ್ ಪಟ ಮಡಿಕಂಡವ್ನೆ, ಸಂದಾಕದೆ’ ಎಂದು ನಕ್ಕರು. ಆಕೆಯೂ ನಕ್ಕರು. ‘ಹೌದಾ, ಒಳ್ಳೇದಾಯ್ತು’ ಎಂದರು. ಏನು ಒಳ್ಳೆಯದಾಯಿತೋ. ಡಬ್ಬಿ ಅಲ್ಲೇ ಗೋಡೆಯ ಮೇಲಿತ್ತು. ಸಂಜೆ ಅವರ ಮನೆಗೆಲಸದವಳು ಬಂದು ಅದನ್ನು ತನ್ನ ಬ್ಯಾಗಿಗೆ ಹಾಕಿಕೊಂಡು ಮನೆಗೆ ಹೋದಳು.

ಮಾರನೆಯ ಬೆಳಗ್ಗೆ ಹೀಟರಿನ ಕೆಂಪು ದೀಪ ಇರಲಿಲ್ಲ. ಹೊರಗೆ ಬಂದು ನೋಡಿದರೆ ನಮ್ಮ ಹಳದಿ ವೈರು ಅಚ್ಚುಕಟ್ಟಾಗಿ ಸುರುಳಿ ಸುತ್ತಿಕೊಂಡು ಕಾಂಪೌಂಡಿನ ಮೇಲೆ ಕೂತಿತ್ತು. ಆಕೆ ಅವರ ಕಡೆ ತುಳಸಿಗೆ ನೀರು ಹಾಕುತ್ತಿದ್ದರು. ‘ಮೇನ್ ಟ್ರಿಪ್ ಆಗ್ತಾ ಇದೆಯಮ್ಮಾ. ಅಷ್ಟು ಲೋಡ್ ಎಳೀಬೇಡಿ ಅಂದ್ರು ಎಲೆಕ್ಟ್ರಿಷಿಯನ್ನು. ಏನ್ ಮಾಡೋದು?’ ಹಿಂದಿನ ರಾತ್ರಿಯಿಂದ ಬೆಳಗ್ಗೆಯವರೆಗೆ ಯಾವ ಎಲೆಕ್ಟ್ರಿಷಿಯನ್ ಬಂದಿದ್ದ? ನಾನು ಕೇಳಲಿಲ್ಲ. ಅಷ್ಟು ದಿನ ಟ್ರಿಪ್ ಆಗದ ಮೇನು ಕಜ್ಜಾಯದ ಮಾರನೆಯ ದಿನವೇ ಟ್ರಿಪ್ ಆಯಿತಲ್ಲ ಎಂದೂ ಕೇಳಲಿಲ್ಲ. ವೈರನ್ನು ಎತ್ತಿಕೊಂಡು ಬಂದೆ. ಕೈಗೆ ಕೊಟ್ಟಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನಮ್ಮಂಥವರಿಗೆ ಕರೆಂಟು ಕೊಟ್ಟರೆ ಅದರಲ್ಲಿ ಹರಿದು ವಾಪಸು ಏನು ಹೋಗುತ್ತದೆ ಎಂದು ಆ ಓದಿದ ಹೆಂಗಸು ತಿಳಿದಿದ್ದರೋ ನನಗೆ ಈಗಲೂ ಅರ್ಥವಾಗಿಲ್ಲ.

ನಮ್ಮನೆಯವರು ಗ್ಯಾಸ್ ಹೀಟರ್ ಹೊರತೆಗೆದು ಹಚ್ಚಿ ನೋಡಿದರು. ವಾಲ್ವಿನ ಹತ್ತಿರ ವಾಸನೆ. ‘ಇದ್ನ ಯಾರೂ ಮುಟ್ಬ್ಯಾಡಿ, ಲೀಕು ಅದೆ’ ಎಂದು ಅದನ್ನು ಮರಳಿನ ಗುಡ್ಡೆಯ ಆಚೆ ಇಟ್ಟರು. ಲೈನ್‌ಮ್ಯಾನ್ ಹಿಂದೆ, ಕಂಟ್ರಾಕ್ಟರ್ ಹಿಂದೆ ಅಲೆದರು, ಎರಡು ದಿನ ತಾಳಿ ಎಂದರು ಎಲ್ಲರೂ. ನಾವು ನಮ್ಮದೇ ಮನೆಯ ಇಟ್ಟಿಗೆಗಳನ್ನು ಒಲೆಯಲ್ಲಿ ಕಾಯಿಸಿ, ಹಳೆ ಪಂಚೆಯಲ್ಲಿ ಸುತ್ತಿ, ಮಗಳ ಕಾಲ ಬಳಿ ಇಟ್ಟೆವು. ಇಟ್ಟಿಗೆ ಒಂದು ಗಳಿಗೆಗೆ ಆರಿಹೋಗುತ್ತಿತ್ತು. ಮಗು ಶೀನಿತು. ಅದು ಶೀನಿದ್ದೇ ತಡ, ನಮ್ಮತ್ತೆ ಎದ್ದು ನಿಂತರು. ‘ಗಾಳಿ ಸೋಕ್ಬಾರ್ದು ಕಣವ್ವ, ಸನ್ನಿ ಆಯ್ತದೆ’ ಎಂದು ಹಳೆಯ ಸೀರೆ ಹರಿದು, ಅದರ ಪಟ್ಟಿಗಳನ್ನು ಬಾಗಿಲಿನ ಸಂದು, ಕಿಟಕಿಯ ಸಂದು, ಸಿಂಕಿನ ಪೈಪು ಹೊರಗೆ ಹೋಗುವ ತೂತು, ಎಲ್ಲೆಲ್ಲಿ ಬೆಳಕು ಕಾಣಿಸಿತೋ ಅಲ್ಲೆಲ್ಲ ತುರುಕಿದರು. ಬಾಣಂತಿಯ ಕೋಣೆಯನ್ನು ಎಲ್ಲ ಕಾಲದಲ್ಲೂ ಹೀಗೆಯೇ ಮಾಡಿದ್ದಾರೆ. ನಾನು ಮಲಗಿದ್ದ ಕೋಣೆಯನ್ನೂ ಹೀಗೆಯೇ ಮಾಡಿದ್ದರು, ಕೆಂಡವನ್ನೂ ಮಂಚದ ಕೆಳಗೆ ಇಟ್ಟಿದ್ದರು, ನಾನು ಬದುಕಿ ಮಗಳನ್ನು ಸಾಕಿದೆ. ಆದರೆ ಆ ಕೋಣೆಗೆ ಮೇಲೆ ನಾಡಹೆಂಚಿತ್ತು. ಹೆಂಚಿನ ನಡುವಿನ ಸಂದುಗಳನ್ನು ಯಾರೂ ತುರುಕಿರಲಿಲ್ಲ. ನಮ್ಮತ್ತೆಗೆ ಇಡೀ ಬದುಕು ಗೊತ್ತಿದ್ದದ್ದು ಹೆಂಚಿನ ಮನೆ. ತಗಡಿನ ಪೆಟ್ಟಿಗೆ ಅವರಿಗೆ ಹೊಸದು.

ಅದು ಶನಿವಾರ. ರಜೆ ಮುಗಿಯುತ್ತ ಬಂದಿತ್ತು, ಬೆಳಗಿನ ಶಾಲೆ, ಹೋಗಿ ಮುಖ ತೋರಿಸಿ ಬರೋಣವೆಂದು ನಾನು ಹೋಗಿದ್ದೆ. ನಮ್ಮನೆಯವರು ಮತ್ತೆ ಮೀಟರಿನ ಬೆನ್ನು ಹತ್ತಿ ಹೋಗಿದ್ದರು. ಮಧ್ಯಾಹ್ನಕ್ಕೆ ಮೊದಲೇ ನಾನು ವಾಪಸು ಬಂದಾಗ ನಮ್ಮತ್ತೆ ಬಿಸಿಲಿನಲ್ಲಿ ಕೂತು ಮಗುವಿನ ಬಟ್ಟೆ ಹರವುತ್ತಿದ್ದರು. ‘ನೀರಾಕ್ದೆ, ಒಗೆ ಕೊಟ್ಟೆ. ಕೆಂಡವ ಒಳ್ಗೇ ಬುಟ್ಟಿವ್ನಿ, ಬೂದಿ ಮುಚ್ಚಿ. ಸಂದಾಗ್ ಕಾವದೆ. ತಾಯಿ ಮಗ ಇಬ್ರೂ ಮಲ್ಗವ್ರೆ, ಎಬ್ಬುಸ್ಬ್ಯಾಡ’ ಎಂದರು. ನನಗೆ ಸಮಾಧಾನವಾಯಿತು. ಹೊರಗಿನ ಒಲೆಯಲ್ಲಿ ಕಾಫಿ ಕಾಯಿಸಿ ಅವರಿಗೊಂದು ಲೋಟ ಕೊಟ್ಟು, ನಾನೂ ಕುಡಿದೆ. ಆ ಬೀಗಿತ್ತಿ ಈಗ ಬಂದು ನೋಡಬೇಕು, ನನ್ನ ಮಗಳು ಹೇಗೆ ಮಲಗಿದ್ದಾಳೆ ಎಂದು ನನ್ನಷ್ಟಕ್ಕೆ ನಾನು ಅಂದುಕೊಂಡೆ. ಲೋಟ ತೊಳೆದಿಟ್ಟೆ. ಆಗ ತಲೆಯಲ್ಲಿ ಏನೋ ಚುಚ್ಚಿತು. ಇಷ್ಟು ಹೊತ್ತಿಗೆ ಮಗು ಹಾಲಿಗೆ ಅಳಬೇಕಿತ್ತು. ಹಸಿವಾದರೆ ಇಡೀ ಬಡಾವಣೆಗೆ ಕೇಳುವ ಹಾಗೆ ಅಳುವ ಮಗು ಅದು.

ಬಾಗಿಲು ಎಳೆದರೆ ಬರಲಿಲ್ಲ. ಸೀರೆಯ ಪಟ್ಟಿಗಳು ಅಷ್ಟು ಬಿಗಿಯಾಗಿ ಕೂತಿದ್ದವು. ಕಾಲು ಕೊಟ್ಟು ಎಳೆದೆ. ಒಳಗೆ ಹೊಗೆಯೇನೂ ಇರಲಿಲ್ಲ, ಹಿತವಾದ ಬಿಸಿ, ಸಾಂಬ್ರಾಣಿಯ ಪರಿಮಳ. ಮಗಳ ಕೆನ್ನೆ ಕೆಂಪಗಿತ್ತು, ತುಟಿಯಲ್ಲಿ ಜೊಲ್ಲು. ಹೆಸರು ಹಿಡಿದು ಕರೆದೆ, ಕೆನ್ನೆಗೆ ಹೊಡೆದೆ, ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿಕೊಂಡಿತು. ಮಗುವನ್ನು ಎತ್ತಿದರೆ ಕತ್ತು ಹಿಂದಕ್ಕೆ ಬಿತ್ತು. ನಾನು ಹೇಗೆ ಕೂಗಿದೆನೋ ನನಗೆ ಗೊತ್ತಿಲ್ಲ. ಗಾರೆ ಕೆಲಸದವರು ಸಾರುವೆಯಿಂದ ಧುಮುಕಿ ಬಂದು ಮಗಳನ್ನು ಹೊರಗೆಳೆದು ಮರಳಿನ ಮೇಲೆ ಮಲಗಿಸಿದರು. ಗಾಳಿ ಸೋಕಬಾರದು ಎಂದು ಅಷ್ಟು ಕಾಪಾಡಿದ ಅವಳನ್ನು ಬರೀ ನೈಟಿಯಲ್ಲಿ, ಬಯಲಿನಲ್ಲಿ ಮಲಗಿಸಿ, ರಟ್ಟು ಹಿಡಿದು ಗಾಳಿ ಬೀಸಿದೆವು. ಮಗು ಒಮ್ಮೆ ಬಿಕ್ಕಿತು. ಮತ್ತೆ ಸುಮ್ಮನಾಯಿತು.

ಆಸ್ಪತ್ರೆಗೆ ಹೋಗಲು ಗಾಡಿ ಬೇಕು. ನಮ್ಮ ಗಾಡಿ ಚಕ್ರವಿಲ್ಲದೆ ಕಲ್ಲಿನ ಮೇಲೆ ಕೂತಿತ್ತು. ಪಕ್ಕದ ಮನೆಯ ಪೋರ್ಟಿಕೋದಲ್ಲಿ ಬಿಳಿ ಕಾರು ನಿಂತಿತ್ತು. ಕಿಟಕಿಯ ಪರದೆ ಅಲ್ಲಾಡಿದ್ದನ್ನು ನಾನು ನೋಡಿದೆ. ಕೇಳಿದ್ದರೆ ಕೊಡುತ್ತಿದ್ದರೋ ಏನೋ. ಕೊಡುತ್ತಿದ್ದರು ಎಂದೇ ಇಟ್ಟುಕೊಳ್ಳಿ. ನನ್ನ ಕಾಲು ಆ ಕಡೆ ತಿರುಗಲಿಲ್ಲ, ಅವರ ಬಾಗಿಲೂ ತೆರೆಯಲಿಲ್ಲ. ಜಲ್ಲಿ ಇಳಿಸುತ್ತಿದ್ದ ಗೂಡ್ಸ್ ಆಟೊದಲ್ಲಿ, ಉಳಿದ ಜಲ್ಲಿಯ ಮೇಲೆಯೇ ಚೀಲ ಹಾಸಿ ಮಗಳನ್ನು ಮಲಗಿಸಿಕೊಂಡು, ಮಗುವನ್ನು ಎದೆಗೆ ಒತ್ತಿಕೊಂಡು ಹೋದೆ. ದಾರಿಯುದ್ದಕ್ಕೂ ಅದರ ಮೂಗಿನ ಹತ್ತಿರ ಬೆರಳಿಟ್ಟುಕೊಂಡಿದ್ದೆ.

ಬದುಕಿದರು. ಇಬ್ಬರೂ ಬದುಕಿದರು. ಮಗಳ ಮುಖಕ್ಕೆ ಆಕ್ಸಿಜನ್ ಹಾಕಿದರು. ಮಗುವನ್ನು ಗಾಜಿನ ತೊಟ್ಟಿಲಿನಲ್ಲಿಟ್ಟು ಮೇಲೆ ಹೀಟರು ಹಾಕಿದರು. ಅದರ ಪುಟ್ಟ ಕಾಲು ಅಲ್ಲಾಡುವುದನ್ನು ಗಾಜಿನಾಚೆ ನಿಂತು ನೋಡಿದೆ. ಅಲ್ಲಿ ಕರೆಂಟು ಕೊಡುವುದಕ್ಕೆ ಯಾರೂ ಬೀದಿ ಕೇಳಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ನನ್ನನ್ನು ನಿಲ್ಲಿಸಿಕೊಂಡು ಬೈದಳು: ‘ನೀವು ಟೀಚರಂತೆ. ಮುಚ್ಚಿದ ಗಾಡಿಯೊಳಗೆ ಕೆಂಡ ಇಡ್ತಾರೇನ್ರೀ? ಹೊಗೆ ಕಾಣದಿದ್ರೂ ಅದು ವಿಷ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ರೆ?’ ನಾನು ತಲೆ ಬಗ್ಗಿಸಿ ನಿಂತೆ. ಅವಳು ಹೇಳಿದ್ದು ಸರಿ. ನಮ್ಮತ್ತೆ ಹೊರಗೆ ಕಾರಿಡಾರಿನ ನೆಲದ ಮೇಲೆ ಕೂತು ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಆ ದಿನದಿಂದ ಇವತ್ತಿನವರೆಗೆ ಅವರು ಯಾವ ಬಾಣಂತಿಗೂ ನೀರು ಹಾಕಿಲ್ಲ.

ಬೀಗರು ನರಸೀಪುರದಿಂದ ಕಾರು ಮಾಡಿಕೊಂಡು ಬಂದರು. ಬೀಗಿತ್ತಿ ನನ್ನನ್ನು ಮಾತಾಡಿಸದೆ ನೇರ ವಾರ್ಡಿಗೆ ಹೋದಳು. ಡಿಸ್ಚಾರ್ಜ್ ಆದ ದಿನ ಅವಳೇ ಮಗುವನ್ನು ಎತ್ತಿಕೊಂಡಳು. ‘ನಮ್ ಕೂಸ ನಾವ್ ಕರ್ಕೊಂಡೋಯ್ತೀವಿ. ಸಾಕು ನಿಮ್ ಬಾಣಂತನ’ ಎಂದಳು. ಅಳಿಯ ನೆಲ ನೋಡುತ್ತಿದ್ದ. ತವರಿನಿಂದ ಬಾಣಂತಿಯನ್ನು ಕಳಿಸುವಾಗ ಮಡಿಲು ತುಂಬಬೇಕು, ಬಳೆ ತೊಡಿಸಬೇಕು, ತೊಟ್ಟಿಲು ಕೊಡಬೇಕು. ನನ್ನ ಮಗಳು ಆಸ್ಪತ್ರೆಯ ಮೆಟ್ಟಿಲಿನಿಂದ ಬರಿಮಡಿಲಲ್ಲಿ ಹೋದಳು. ಕಾರು ಹತ್ತುವಾಗ ನಾನು, ‘ಒಂದು ಮಾತು ಹೇಳೇ, ಇರ್ತೀನಿ ಅಂತ’ ಎಂದೆ. ಅವಳು, ‘ಎಲ್ಲಿರಲಮ್ಮ?’ ಎಂದಳು. ಕೋಪವಿರಲಿಲ್ಲ.

ಎರಡು ದಿನ ಬಿಟ್ಟು ಪಕ್ಕದ ಮನೆಯಾಕೆ ಕಾಂಪೌಂಡಿನ ಹತ್ತಿರ ಬಂದರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ‘ಅಯ್ಯೋ, ಇಂಥಾ ಕಷ್ಟ ಅಂತ ಒಂದು ಮಾತು ಹೇಳ್ಬಾರ್ದಿತ್ತೇನಮ್ಮಾ? ಏನಾದ್ರೂ ಮಾಡ್ತಿದ್ವಲ್ಲ’ ಎಂದರು.

‘ನೀವು ಕೇಳಿದ್ದಕ್ಕೆಲ್ಲ ನಮ್ಮತ್ತೆ ಉತ್ತರ ಕೊಟ್ಟಿದ್ರಲ್ಲ ಮೇಡಂ. ಅಷ್ಟಾದ ಮೇಲೆ ಇನ್ನೇನು ಹೇಳಬೇಕಿತ್ತು?’ ಎಂದೆ. ಅವರ ಮುಖ ಬಿಳುಚಿತು. ಸೆರಗು ಹೊದ್ದುಕೊಂಡು ಒಳಗೆ ಹೋದರು. ಆಮೇಲೆ ಬಡಾವಣೆಯಲ್ಲೆಲ್ಲ, ಆ ಟೀಚರ್ ಬಾಯಿ ಬಹಳ ಜೋರು ಎಂದು ಹೇಳಿಕೊಂಡು ಬಂದರಂತೆ. ಜೋರೇ. ಇನ್ನೂ ಜೋರಾಗಬೇಕಿತ್ತು, ಮೊದಲೇ ಆಗಬೇಕಿತ್ತು.

ಶಾಲೆಯಲ್ಲಿಯೂ ನನ್ನ ಮನೆಯ ಸುದ್ದಿ ಪಾಠವಾಯಿತು. ವಿಜ್ಞಾನದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ, ಗಾಳಿಯಾಡದ ಜಾಗದಲ್ಲಿ ಇದ್ದಿಲು ಉರಿದರೆ ಏನಾಗುತ್ತದೆ ಎಂದು ವಿವರಿಸಿದರು. ಚಳಿಗಾಲದಲ್ಲಿ ಗಾಡಿಯೊಳಗೆ ಮಲಗುವವರು ಎಚ್ಚರವಿರಬೇಕು, ಕಿಟಕಿ ಸ್ವಲ್ಪ ತೆರೆದಿಟ್ಟಿರಬೇಕು, ಕರೆಂಟಿನ ಹೀಟರೇ ಕ್ಷೇಮ ಎಂದರು. ಎಲ್ಲರೂ ತಲೆಯಾಡಿಸಿದರು. ಅಷ್ಟು ಜನ ಓದಿದವರಲ್ಲಿ ಒಬ್ಬರಿಗೂ, ಕರೆಂಟಿನ ಹೀಟರಿದ್ದವರು ಕೆಂಡಕ್ಕೆ ಯಾಕೆ ಇಳಿದರು ಎಂದು ಕೇಳಬೇಕೆನಿಸಲಿಲ್ಲ. ಎಲ್ಲರ ಪ್ರಶ್ನೆಯೂ ಕೆಂಡದ ಹತ್ತಿರ ಬಂದು ನಿಲ್ಲುತ್ತಿತ್ತು.

ಮೀಟರು ಬಂತು, ಮನೆಯೂ ಮುಗಿಯಿತು. ನಮ್ಮನೆಯವರು ವ್ಯಾನಿಗೆ ಮತ್ತೆ ಚಕ್ರ ಹಾಕಿ ಯಾರಿಗೋ ಕೊಟ್ಟುಬಿಟ್ಟರು, ಯಾರಿಗೆ ಎಂದು ನಾನು ಕೇಳಿಲ್ಲ. ಮಗಳು, ಮೊಮ್ಮಗನಿಗೆಂದು ಮೂಡಲ ಬಿಸಿಲು ಬೀಳುವ ಕೋಣೆ ಮಾಡಿಸಿದ್ದೇನೆ. ಗೃಹಪ್ರವೇಶಕ್ಕೆ ಬಂದವಳು ಊಟ ಮಾಡಿ ಸಂಜೆಯ ಬಸ್ಸಿಗೆ ಹೊರಟುಬಿಟ್ಟಳು. ಇರು ಎಂದರೆ, ‘ಅತ್ತೆ ಬೇಡ ಅಂದಿದ್ದಾರೆ, ಮಗೂಗೆ ಇಲ್ಲಿ ಥಂಡಿ ಆಗತ್ತಂತೆ’ ಎಂದಳು. ಅದು ಸುಡುಬಿಸಿಲಿನ ಕಾಲ.

ಹೋದ ಚಳಿಗಾಲದಲ್ಲಿ ನಾನೇ ನರಸೀಪುರಕ್ಕೆ ಹೋದೆ. ಬೀಗರ ಮನೆಯ ನಡುಮನೆಯಲ್ಲಿ ಬೆಚ್ಚಗೆ ಹೀಟರು ಉರಿಯುತ್ತಿತ್ತು. ಮೊಮ್ಮಗ ಚಾಪೆಯ ಮೇಲೆ ಬಟ್ಟಲು ಬಡಿಯುತ್ತ ಕೂತಿದ್ದ. ನಾನು ಅವನ ಪಕ್ಕ ಕೂತು ಕೈ ಚಾಚಿದೆ. ಅವನು ಬಂದು ನನ್ನ ತೊಡೆಯ ಮೇಲೆ ಕೂತ. ಎರಡು ನಿಮಿಷ ಜಗತ್ತಿನಲ್ಲಿ ನನಗೆ ಇನ್ನೇನೂ ಬೇಕಾಗಿರಲಿಲ್ಲ. ಬೀಗಿತ್ತಿ ಅಡುಗೆಮನೆಯಿಂದ ಇಣುಕಿದಳು. ‘ಏ, ಆ ಕಿಟ್ಕಿ ತೆಗ್ದಿಡವ್ವ. ನಿಮ್ಮವ್ವ ಬಂದವ್ಳೆ’ ಎಂದಳು. ಮನೆಯಲ್ಲಿದ್ದವರೆಲ್ಲ ನಕ್ಕರು. ಅದು ಆ ಮನೆಯಲ್ಲಿ ಹಳೆಯ ತಮಾಷೆ ಎಂದು ನಕ್ಕ ರೀತಿಯಲ್ಲೇ ಗೊತ್ತಾಯಿತು. ನಾನು ಮಗಳ ಕಡೆ ನೋಡಿದೆ. ಅವಳು ನಗಲಿಲ್ಲ. ಎದ್ದು ಹೋಗಿ ಕಿಟಕಿ ತೆರೆದು, ವಾಪಸು ಬಂದು, ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡಳು.